ಕೆಟ್ಟ ಬಿಯರು ಕಲಿಸಿದ ಪಾಠ

ಪುಷ್ಯಮಾಸದ ಚಳಿಯಲ್ಲಿ, ರಾತ್ರಿ ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಾದರೂ ಹುದುಗು ಬಾರದೆ ಇಟ್ಟ ಹಾಗೆಯೇ ಕುಳಿತಿರುವುದುಂಟು. ವೈಶಾಖದಲ್ಲಿ ಅದೇ ಹಿಟ್ಟು ಪಾತ್ರೆಯ ಕಂಠವನ್ನು ದಾಟಿ ಉಕ್ಕಿ, ಬಾಯಿಗಿಡಲಾರದಷ್ಟು ಹುಳಿಯಾಗುವುದೂ ಉಂಟು. ಇಂಥ ಸಮಯದಲ್ಲಿ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ "ಹೀಗೇಕಾಯಿತು?" ಎಂಬುದಲ್ಲ, "ರುಬ್ಬಿದವರು ಯಾರು?" ಎಂಬುದು. ಕೈಗುಣವೆಂಬ ಮಾತು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಉಪ್ಪಿನಕಾಯಿಯ ಭರಣಿಯಲ್ಲಿ ಬೂಷ್ಟು ಕಂಡರೆ ಹೊರಗೆ ಕುಳಿತ ಹೆಣ್ಣುಮಗಳ ನೆರಳು ಬಿದ್ದಿತೆನ್ನುತ್ತಿದ್ದರು. ನಾನು ಹುಡುಗನಾಗಿದ್ದಾಗ ಬಂಧುಗಳ ಮನೆಯೊಂದರಲ್ಲಿ, ವರ್ಷಕ್ಕಾಗುವಷ್ಟು ಹಾಕಿದ್ದ ಮಾವಿನಕಾಯಿ ಕೆಟ್ಟಿತೆಂದು ಹೊಸದಾಗಿ ಬಂದ ಸೊಸೆಯನ್ನು ಅನ್ನದ ಮಾತು ಅಂದಿದ್ದನ್ನು ಕಂಡಿದ್ದೇನೆ. ಭರಣಿಯನ್ನು ತೊಳೆದವರು ಅದನ್ನು ಒಣಗಿಸಿರಲಿಲ್ಲ ಎಂಬುದು ತಿಳಿದದ್ದು ಆಮೇಲೆ. ಅಷ್ಟರಲ್ಲಿ ಆ ಹುಡುಗಿಯ ಕಣ್ಣೀರು ಹರಿದುಹೋಗಿತ್ತು.

ಹಿಟ್ಟಿನ ವಿಷಯದಲ್ಲಿ ನಾವು ಕೇಳುತ್ತಿದ್ದ ಇದೇ ಪ್ರಶ್ನೆಯನ್ನು ಯುರೋಪಿನ ಜನ ನೂರಾರು ವರ್ಷ ತಮ್ಮ ಬಿಯರಿನ ವಿಷಯದಲ್ಲಿ ಕೇಳುತ್ತಿದ್ದರು. ಕೊನೆಗೊಂದು ದಿನ ಅವರು ಪ್ರಶ್ನೆಯನ್ನೇ ಬದಲಾಯಿಸಿದರು. ಆ ಬದಲಾವಣೆಯಿಂದ ಬಿಯರಿಗೆ ಮಾತ್ರವಲ್ಲ, ಮನುಕುಲಕ್ಕೇ ಉಪಕಾರವಾಯಿತು. ನಮ್ಮಲ್ಲಿ ಅನೇಕರಿಗೆ ಬಿಯರು ವರ್ಜ್ಯವಾದ ವಸ್ತು. ಅದನ್ನು ಪ್ರಶಂಸಿಸುವುದು ಈ ಬರಹದ ಉದ್ದೇಶವಲ್ಲ. ಕೆಸರಿನಲ್ಲಿ ಹುಟ್ಟಿದ್ದೆಂದು ಕಮಲವನ್ನು ಬಿಡುವುದುಂಟೆ? ಕೆಟ್ಟ ಬಿಯರಿನ ಪೀಪಾಯಿಯಿಂದ ಹುಟ್ಟಿದ ಜ್ಞಾನದ ಕಥೆ ಇದು.

ಬಿಯರು ಮಾಡುವ ಕ್ರಮವನ್ನು ಮೊದಲು ತಿಳಿದುಕೊಳ್ಳೋಣ. ಜವೆಗೋಧಿಯನ್ನು, ಎಂದರೆ ಬಾರ್ಲಿಯನ್ನು, ನೆನೆಯಿಟ್ಟು ಮೊಳಕೆ ಬರಿಸಿ ಒಣಗಿಸುತ್ತಾರೆ. ನಮ್ಮ ಮನೆಗಳಲ್ಲಿ ಮಕ್ಕಳಿಗಾಗಿ ರಾಗಿಯ ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡುವುದಿಲ್ಲವೆ, ಅದೇ ಬಗೆ. ಈ ಮಾಲ್ಟನ್ನು ಕುಟ್ಟಿ, ಸುಮಾರು ೬೫ ಡಿಗ್ರಿ ಸೆಂಟಿಗ್ರೇಡ್ ಕಾವಿನ ನೀರಿನಲ್ಲಿ ಒಂದು ಗಂಟೆಯ ಕಾಲ ನೆನೆಸಿದರೆ, ಧಾನ್ಯದ ಪಿಷ್ಟವೆಲ್ಲ ಕರಗಿ ಸಿಹಿನೀರಾಗುತ್ತದೆ. ಅದನ್ನು ಸೋಸಿ, ಹಾಪ್ ಎಂಬ ಬಳ್ಳಿಯ ಕಹಿಯಾದ ಹೂವುಗಳೊಡನೆ ಕುದಿಸಿ, ಆರಿಸಿ, ಯೀಸ್ಟನ್ನು ಬೆರೆಸಿ ಇಟ್ಟರೆ ಕೆಲವು ದಿನಗಳಲ್ಲಿ ಸಕ್ಕರೆ ಮದ್ಯಸಾರವಾಗಿಯೂ ಅನಿಲವಾಗಿಯೂ ಮಾರ್ಪಡುತ್ತದೆ. ಕೆಲಸ ಇಷ್ಟೆ. ಆದರೆ ಹೊಸಬನು ಮಾಡಿದಾಗ ನಾಲ್ಕು ತೊಂದರೆಗಳು ಅವನನ್ನು ಕಾಡುತ್ತವೆ. ಹುದುಗು ಏಳುವುದೇ ಇಲ್ಲ, ಎದ್ದರೂ ಹುಳಿಯುತ್ತದೆ, ಹುಳಿಯದಿದ್ದರೆ ಕದಡಿ ಹೊಲಸು ವಾಸನೆ ಬರುತ್ತದೆ, ಎಲ್ಲವೂ ಸರಿಯಾಯಿತೆಂದು ಸೀಸೆಗೆ ತುಂಬಿದರೆ ಸೀಸೆಯೇ ಸಿಡಿಯುತ್ತದೆ. ಇಂದಿನ ಹೊಸಬನಿಗೆ ಬರುವ ಈ ನಾಲ್ಕು ತೊಂದರೆಗಳು ಐದು ಸಾವಿರ ವರ್ಷಗಳಷ್ಟು ಹಳೆಯವು.

ಸುಮೇರಿಯದ ಜನರು ನಿಂಕಾಸಿ ಎಂಬ ದೇವತೆಯನ್ನು ಈ ಕಾರ್ಯಕ್ಕೆ ಅಧಿದೇವತೆಯನ್ನಾಗಿ ಮಾಡಿಕೊಂಡಿದ್ದರು. ಕ್ರಿಸ್ತಪೂರ್ವ ೧೮೦೦ರ ಸುಮಾರಿನ ಜೇಡಿಮಣ್ಣಿನ ಫಲಕಗಳಲ್ಲಿ ಅವಳ ಸ್ತೋತ್ರವಿದೆ. ಬಿಯರು ಮಾಡುವ ವಿಧಾನವೇ ಆ ಸ್ತೋತ್ರದ ವಸ್ತು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಇದು ಹೆಂಗಸರ ಮನೆಗೆಲಸವಾಗಿತ್ತು. ಹಿಂದಿನ ಸಲದ ನೊರೆಯನ್ನು ತೆಗೆದಿಟ್ಟು, ನಾವು ಮೊಸರಿಗೆ ಹೆಪ್ಪು ಹಾಕುವಂತೆ, ಮುಂದಿನ ಸಲಕ್ಕೆ ಬೆರೆಸುತ್ತಿದ್ದರು. ಆ ನೊರೆಯೇನೆಂಬುದು ಅವರಿಗೆ ತಿಳಿಯದು. ಹದಿನೈದನೆಯ ಶತಮಾನದಲ್ಲಿ ಅಲ್ಲಿಯವರು ಅದಕ್ಕೆ ಇಟ್ಟಿದ್ದ ಒಂದು ಹೆಸರಿನ ಅರ್ಥ 'ದೇವರು ಕೊಟ್ಟ ಒಳಿತು' ಎಂದು. ೧೫೧೬ರಲ್ಲಿ ಬವೇರಿಯದ ದೊರೆಗಳು ಹೊರಡಿಸಿದ ಪ್ರಸಿದ್ಧ ಶಾಸನವು ಬಿಯರಿಗೆ ಬಾರ್ಲಿ, ಹಾಪ್, ನೀರು ಇವು ಮೂರನ್ನಲ್ಲದೆ ಬೇರೇನನ್ನೂ ಹಾಕಕೂಡದೆಂದು ವಿಧಿಸಿತು. ಯೀಸ್ಟಿನ ಹೆಸರೇ ಅದರಲ್ಲಿಲ್ಲ. ಕೆಲಸವನ್ನೆಲ್ಲ ಮಾಡುವ ಆಳಿನ ಹೆಸರು ಹಾಜರಿ ಪಟ್ಟಿಯಲ್ಲಿ ಇಲ್ಲದಂತಾಯಿತು!

ಒಳಿತಾದರೆ ದೇವರು ಕೊಟ್ಟದ್ದು, ಕೆಟ್ಟರೆ? ಕೆಟ್ಟರೆ ಯಾರೋ ಕೆಡಿಸಿದ್ದು. ಯುರೋಪಿನಲ್ಲಿ ಮಾಟಗಾತಿಯರೆಂದು ಹೆಂಗಸರನ್ನು ಹಿಡಿದು ವಿಚಾರಣೆಗೆ ಒಳಪಡಿಸಿದ ಕರಾಳ ದಿನಗಳಲ್ಲಿ, ನೆರೆಯವರ ಹಸುವಿನ ಹಾಲು ಬತ್ತಿಸಿದಳು, ಬೆಣ್ಣೆ ಬಾರದಂತೆ ಮಾಡಿದಳು ಎಂಬ ಆರೋಪಗಳ ಜೊತೆಗೆ ಬಿಯರನ್ನು ಕೆಡಿಸಿದಳೆಂಬ ಆರೋಪವೂ ಇರುತ್ತಿತ್ತು. ಕಾರಣ ತಿಳಿಯದ ಕಡೆ ಅಪರಾಧಿಯೊಬ್ಬನು ಬೇಕೇ ಬೇಕಾಗುತ್ತಾನೆ. ಆ ಅಪರಾಧಿ ಸಾಮಾನ್ಯವಾಗಿ ಎದುರು ಮಾತನಾಡಲಾರದ ಬಡವಿಯೋ ಮುದುಕಿಯೋ ಆಗಿರುತ್ತಾಳೆ.

ಆದರೂ ಅನುಭವವು ಕೆಲವು ಪರಿಹಾರಗಳನ್ನು ಕಲಿಸಿತ್ತು. ಹಾಪ್ ಹೂವು ಪಾನೀಯವು ಕೊಳೆಯದಂತೆ ತಡೆಯುವುದೆಂದು ಹನ್ನೆರಡನೆಯ ಶತಮಾನದಲ್ಲಿಯೇ ಜರ್ಮನಿಯ ಸಂನ್ಯಾಸಿನಿ ಹಿಲ್ಡೆಗಾರ್ಡ್ ಬರೆದಿಟ್ಟಳು. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ನಮ್ಮ ದೇಶಕ್ಕೆ ಬರುತ್ತಿದ್ದ ಬಿಯರು ಸಮಭಾಜಕ ವೃತ್ತವನ್ನು ಎರಡು ಸಲ ದಾಟಬೇಕಾಗಿತ್ತು. ಆದ್ದರಿಂದ ಅದಕ್ಕೆ ಹಾಪನ್ನು ಹೆಚ್ಚಾಗಿಯೇ ಹಾಕುತ್ತಿದ್ದರು. ಬೇಸಿಗೆಯಲ್ಲಿ ಮಾಡಿದ್ದು ಕೆಡುತ್ತದೆಂಬುದನ್ನು ಕಂಡು ಬವೇರಿಯದಲ್ಲಿ ೧೫೫೩ರಲ್ಲಿ ಕಟ್ಟಳೆ ಮಾಡಿ, ಸೆಪ್ಟೆಂಬರ್ ೨೯ರಿಂದ ಏಪ್ರಿಲ್ ೨೩ರವರೆಗೆ ಮಾತ್ರ ತಯಾರಿಸಬೇಕೆಂದರು. ಮದ್ದು ಸರಿಯಾಗಿತ್ತು, ರೋಗವಾವುದೆಂಬುದು ಮಾತ್ರ ತಿಳಿದಿರಲಿಲ್ಲ.

ಮೊದಲನೆಯ ತೊಂದರೆಗೂ ಕೊನೆಯದಕ್ಕೂ ಪರಿಹಾರ ದೊರೆತದ್ದು ಅಳತೆಯಿಂದ. ಹಿಂದೆ ನೀರಿನ ಕಾವನ್ನು ಬೆರಳಿನಿಂದ ನೋಡುತ್ತಿದ್ದರು. ಇಲ್ಲವೇ ಹಬೆ ಕರಗಿ ನೀರಿನಲ್ಲಿ ತಮ್ಮ ಮುಖ ಕಂಡಾಗ ಹದವಾಯಿತೆನ್ನುತ್ತಿದ್ದರು. ೧೭೬೨ರಲ್ಲಿ ಲಂಡನ್ನಿನ ಮೈಕೇಲ್ ಕೊಂಬ್ರೂನ್ ತನ್ನ ಗ್ರಂಥದಲ್ಲಿ ಉಷ್ಣಮಾಪಕದಿಂದ ಅಳೆದು ಕೆಲಸ ಮಾಡಬೇಕೆಂದು ವಾದಿಸಿದ. ಹುದುಗು ಏಳದಿರುವುದಕ್ಕೆ ಬಹುಮಟ್ಟಿಗೆ ಕಾವೇ ಕಾರಣ. ಸಿಹಿನೀರು ಆರುವ ಮೊದಲೇ ಅವಸರದಿಂದ ಯೀಸ್ಟನ್ನು ಹಾಕಿದರೆ, ಕಾವು ೫೦ ಡಿಗ್ರಿ ದಾಟಿದ್ದಲ್ಲಿ, ಅದು ಸಾಯುತ್ತದೆ. ತೀರ ತಣ್ಣಗಾಗಿದ್ದರೆ ಮಲಗಿಬಿಡುತ್ತದೆ. ಪುಷ್ಯಮಾಸದ ನಮ್ಮ ದೋಸೆಹಿಟ್ಟಿನ ಕಥೆಯೂ ಇದೇ. ಇನ್ನು ಸೀಸೆ ಸಿಡಿಯುವುದಕ್ಕೆ ಕಾರಣ, ಒಳಗೆ ಸಕ್ಕರೆ ಉಳಿದಿರುವಾಗಲೇ ಬಿರಡೆ ಹಾಕುವುದು; ಮುಚ್ಚಿದ ಸೀಸೆಯಲ್ಲಿ ಯೀಸ್ಟು ತನ್ನ ಕೆಲಸವನ್ನು ಮುಂದುವರಿಸುತ್ತದೆ, ಅನಿಲಕ್ಕೆ ಹೊರದಾರಿಯಿಲ್ಲ. ದ್ರವದಲ್ಲಿ ತೇಲಿಬಿಟ್ಟು ಅದರ ಸಾಂದ್ರತೆಯನ್ನು ಅಳೆಯುವ ಮಾಪಕವನ್ನು ಈ ಕಸುಬಿಗೆ ಅಳವಡಿಸಿ, ಜಾನ್ ರಿಚರ್ಡ್‌ಸನ್ ೧೭೮೪ರಲ್ಲಿ ಅದರ ವಿವರವನ್ನು ಪ್ರಕಟಿಸಿದ. ಹುದುಗಿಗೆ ಮುಂಚೆ ಒಮ್ಮೆ, ಅನಂತರ ಕೆಲವು ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಅಳೆದು, ಅಂಕಿ ಇಳಿಯುವುದು ನಿಂತ ಮೇಲೆ ತುಂಬಿದರೆ ಸೀಸೆ ಉಳಿಯುತ್ತದೆ.

ಉಳಿದವು ಎರಡು: ಹುಳಿಯುವುದು, ಕದಡುವುದು. ಇವು ಅಳತೆಗೆ ಸಿಕ್ಕದ ತೊಂದರೆಗಳು. ಇವುಗಳ ಗುಟ್ಟು ಕಣ್ಣಿಗೆ ಕಾಣದ ಕಡೆ ಇತ್ತು. ಕನ್ನಡದಲ್ಲಿ 'ಹುದುಗು' ಎಂಬ ಮಾತಿಗೆ ಅಡಗು ಎಂಬ ಅರ್ಥವೂ ಇದೆಯಷ್ಟೆ. ಅಡಗಿರುವುದೇ ಉಬ್ಬಿಸುವುದೂ ಎಂಬ ಸತ್ಯ ಒಂದೇ ಮಾತಿನೊಳಗೆ ಕುಳಿತಿದೆ. ಹಾಲೆಂಡಿನ ಲೇವನ್‌ಹುಕ್ ೧೬೮೦ರಲ್ಲಿ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ಬಿಯರಿನ ಹನಿಯನ್ನು ನೋಡಿ ಅದರಲ್ಲಿ ದುಂಡಗಿನ ಕಣಗಳನ್ನು ಕಂಡಿದ್ದ; ಅವು ಜೀವಿಗಳೆಂದು ಅವನಿಗೆ ಹೊಳೆಯಲಿಲ್ಲ. ೧೮೩೭ರ ಸುಮಾರಿನಲ್ಲಿ ಫ್ರಾನ್ಸಿನ ಕಾನ್ಯಾರ್ ದ ಲಾತೂರ್, ಜರ್ಮನಿಯ ಶ್ವಾನ್ ಮತ್ತು ಕ್ಯೂಟ್ಸಿಂಗ್ ಈ ಮೂವರು ಒಬ್ಬರನ್ನೊಬ್ಬರು ಕೇಳದೆಯೇ ಯೀಸ್ಟು ಜೀವಂತವೆಂದು ಸಾರಿದರು. ಪಂಡಿತರು ಒಪ್ಪಿದರೆ? ಇಲ್ಲ. ರಸಾಯನ ಶಾಸ್ತ್ರದ ದಿಗ್ಗಜರಾದ ಲೀಬಿಗ್ ಮತ್ತು ವೋಲರ್ ೧೮೩೯ರಲ್ಲಿ ಹೆಸರಿಲ್ಲದ ಒಂದು ವಿಡಂಬನೆಯನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ಸಕ್ಕರೆಯನ್ನು ತಿಂದು ಮದ್ಯಸಾರವನ್ನು ವಿಸರ್ಜಿಸುವ ಪುಟ್ಟ ಪ್ರಾಣಿಗಳ ಚಿತ್ರವನ್ನು ಬಣ್ಣಿಸಿ ನಕ್ಕರು. ಪಂಡಿತರ ನಗೆಯೂ ಒಮ್ಮೊಮ್ಮೆ ಅಜ್ಞಾನದ ರಕ್ಷಾಕವಚವಾಗುತ್ತದೆ.

ಹೀಗಿರುವಾಗ ೧೮೫೬ರಲ್ಲಿ ಫ್ರಾನ್ಸಿನ ಲಿಲ್ ನಗರದ ಅಧ್ಯಾಪಕರೊಬ್ಬರ ಬಳಿಗೆ ಅವರ ವಿದ್ಯಾರ್ಥಿಯ ತಂದೆ ಬಿಗೋ ಎಂಬಾತನು ಬಂದ. ಬೀಟ್‌ರೂಟಿನಿಂದ ಮದ್ಯಸಾರ ತೆಗೆಯುವ ಅವನ ಕಾರ್ಖಾನೆಯಲ್ಲಿ ರಸ ಹುಳಿತು ನಷ್ಟವಾಗುತ್ತಿತ್ತು. ಆ ಅಧ್ಯಾಪಕರೇ ಲೂಯಿ ಪಾಶ್ಚರ್. ಅವರು ಕಾರ್ಖಾನೆಗೆ ಹೋಗಿ, ಸರಿಯಿದ್ದ ತೊಟ್ಟಿಯಿಂದಲೂ ಕೆಟ್ಟ ತೊಟ್ಟಿಯಿಂದಲೂ ಹನಿಗಳನ್ನು ತಂದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸರಿಯಿದ್ದುದರಲ್ಲಿ ದುಂಡಗಿನ ಯೀಸ್ಟು ಕಣಗಳು. ಹುಳಿತದ್ದರಲ್ಲಿ ಬೇರೆ ಆಕಾರದ ಸಣ್ಣ ಕಡ್ಡಿಗಳಂತಹ ಜೀವಿಗಳು. ಮರುವರ್ಷ, ೧೮೫೭ರಲ್ಲಿ, ಹಾಲನ್ನು ಹುಳಿಯಾಗಿಸುವ ಜೀವಿಯ ವಿಷಯದಲ್ಲಿ ಅವರ ಲೇಖನ ಹೊರಬಂದಿತು. ಆ ವರ್ಗದ ಜೀವಿಗಳೇ ನಮ್ಮ ಮೊಸರನ್ನು ಮೊಸರಾಗಿಸುವುವು! ಹಾಲಿನ ಗಡಿಗೆಯಲ್ಲಿ ಅತಿಥಿಯಾದುದು ಬಿಯರಿನ ಪೀಪಾಯಿಯಲ್ಲಿ ಕಳ್ಳನಾಗುತ್ತದೆ. ದೋಷವು ಜೀವಿಯದಲ್ಲ, ಸ್ಥಾನದ್ದು.

೧೮೭೦-೭೧ರಲ್ಲಿ ಫ್ರಾನ್ಸು ಜರ್ಮನಿಯೆದುರು ಸೋತಿತು. ಜರ್ಮನಿಯ ಬಿಯರನ್ನು ಮೀರಿಸುವ ಬಿಯರನ್ನು ಫ್ರಾನ್ಸಿನಲ್ಲಿ ಮಾಡಿಸಿ ಆ ಸೋಲಿಗೆ ಉತ್ತರ ಕೊಡಬೇಕೆಂದು ಪಾಶ್ಚರರು ಹಟ ತೊಟ್ಟರು. ೧೮೭೧ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ವಿಟ್‌ಬ್ರೆಡ್ ಎಂಬ ದೊಡ್ಡ ಬಿಯರು ಕಾರ್ಖಾನೆಗೆ ಹೋಗಿ, ಅಲ್ಲಿಯ ಯೀಸ್ಟನ್ನು ತಮ್ಮ ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಸೇರಿಕೊಂಡಿದ್ದ ರೋಗದ ತಂತುಗಳನ್ನು ತೋರಿಸಿದರು. ರುಚಿ ನೋಡದೆಯೇ ಇದು ಕೆಡುವ ಮಾಲೆಂದು ಹೇಳಿದ ಈ ಪರದೇಶೀಯನನ್ನು ಕಂಡು ಅಲ್ಲಿನವರು ಬೆರಗಾದರು. ವಾರ ಕಳೆದು ಮತ್ತೆ ಹೋದಾಗ ಅಲ್ಲಿ ಹೊಸದೊಂದು ಸೂಕ್ಷ್ಮದರ್ಶಕ ಬಂದು ಕುಳಿತಿತ್ತು. ಈ ಶ್ರಮದ ಫಲವಾಗಿ ೧೮೭೬ರಲ್ಲಿ ಅವರ ಬಿಯರಿನ ಅಧ್ಯಯನ ಗ್ರಂಥ ಪ್ರಕಟವಾಯಿತು. ಅದರ ಸಾರವನ್ನು ಎರಡು ಮಾತಿನಲ್ಲಿ ಹೇಳಬಹುದು: ಕೆಡುವುದೆಂಬುದು ತಾನಾಗಿ ಒದಗುವ ವಿಧಿಯಲ್ಲ, ಹೊರಗಿನಿಂದ ಬಂದು ಸೇರುವ ಜೀವಿಗಳ ಕೆಲಸ, ಪಾತ್ರೆ, ಗಾಳಿ, ಯೀಸ್ಟು ಇವು ಶುದ್ಧವಾಗಿದ್ದರೆ ಬಿಯರು ಕೆಡದು.

ಕದಡುವ ತೊಂದರೆ ಇನ್ನೂ ಉಳಿದಿತ್ತು. ಅದಕ್ಕೆ ಉತ್ತರ ಬಂದದ್ದು ಡೆನ್ಮಾರ್ಕಿನಿಂದ. ಕೋಪನ್‌ಹೇಗನ್ನಿನ ಯಾಕೋಬ್ ಕ್ರಿಶ್ಚಿಯನ್ ಯಾಕೋಬ್‌ಸೆನ್ ಎಂಬಾತನು ೧೮೪೫ರಲ್ಲಿ ಮ್ಯೂನಿಕ್ಕಿನಿಂದ ಒಳ್ಳೆಯ ಯೀಸ್ಟನ್ನು ತಂದ. ದಾರಿಯುದ್ದಕ್ಕೂ ಬಂಡಿ ನಿಂತ ಕಡೆಗಳಲ್ಲೆಲ್ಲ ಇಳಿದು ಅದರ ಡಬ್ಬಿಗೆ ತಣ್ಣೀರು ಹೊಯ್ದು ಕಾಪಾಡಿದನೆಂದು ಹೇಳುತ್ತಾರೆ. ೧೮೪೭ರಲ್ಲಿ ಅವನು ಸ್ಥಾಪಿಸಿದ ಕಾರ್ಖಾನೆಗೆ ಮಗ ಕಾರ್ಲನ ಹೆಸರಿನಿಂದ ಕಾರ್ಲ್ಸ್‌ಬರ್ಗ್ ಎಂದಾಯಿತು. ೧೮೭೫ರಲ್ಲಿ ಅಲ್ಲಿ ಪ್ರಯೋಗಶಾಲೆಯನ್ನು ತೆರೆದಾಗ ಅವನು ಮಾಡಿದ ನಿಯಮ ಅಪೂರ್ವವಾದುದು: ಇಲ್ಲಿ ಕಂಡುಹಿಡಿದ ಬೆಲೆಯುಳ್ಳ ಯಾವ ಸಂಗತಿಯನ್ನೂ ಗುಟ್ಟಾಗಿ ಇಡಕೂಡದು.

ಆ ಪ್ರಯೋಗಶಾಲೆಗೆ ಬಂದ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಬಡವರ ಮನೆಯ ಮಗ. ಮನೆಗಳಿಗೆ ಬಣ್ಣ ಬಳಿದು ಜೀವಿಸುತ್ತಿದ್ದವನು ಓದಿ ಮೇಲೆ ಬಂದಿದ್ದ. ೧೮೮೩ರಲ್ಲಿ ಕಾರ್ಲ್ಸ್‌ಬರ್ಗಿನ ಬಿಯರೇ ಕೆಟ್ಟು, ಕೆಟ್ಟ ಕಹಿಯೂ ವಾಸನೆಯೂ ಬರತೊಡಗಿದಾಗ ಅವನು ಪರೀಕ್ಷೆಗೆ ಕುಳಿತ. ಕಡ್ಡಿಯಂತಹ ಜೀವಿಗಳು ಕಾರಣವಾಗಿರಲಿಲ್ಲ. ಯೀಸ್ಟಿನಲ್ಲಿಯೇ ಕುಲಭೇದಗಳಿವೆ, ಒಳ್ಳೆಯ ಯೀಸ್ಟಿನ ನಡುವೆ ಕಾಡು ಯೀಸ್ಟು ಸೇರಿಕೊಂಡಿದೆ ಎಂದು ಅವನು ಕಂಡುಹಿಡಿದ. ಬತ್ತದ ಗದ್ದೆಯಲ್ಲಿ ಬತ್ತದಂತೆಯೇ ಕಾಣುವ ಕಳೆ ಬೆಳೆಯುವ ಹಾಗೆ! ಯೀಸ್ಟನ್ನು ನೀರಿನಲ್ಲಿ ತೆಳ್ಳಗೆ ಮಾಡುತ್ತ ಹೋಗಿ, ಒಂದು ಹನಿಯಲ್ಲಿ ಒಂದೇ ಕಣ ಉಳಿಯುವಂತೆ ಮಾಡಿ, ಆ ಒಂದರಿಂದಲೇ ಸಂತಾನವನ್ನು ಬೆಳೆಸಿ, ೧೮೮೩ರ ನವೆಂಬರ್ ೧೨ರಂದು ಆ ಶುದ್ಧ ಯೀಸ್ಟನ್ನು ಕಾರ್ಖಾನೆಯ ಕೆಲಸಕ್ಕೆ ಇಳಿಸಿದರು. ಬಿಯರು ಸರಿಹೋಯಿತು. ಯಾಕೋಬ್‌ಸೆನ್ ಈ ಗುಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರೆ ಕೋಟಿ ಗಳಿಸಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ. ಕೇಳಿದ ಕಾರ್ಖಾನೆಗಳಿಗೆಲ್ಲ ಆ ಯೀಸ್ಟನ್ನು ಬೆಲೆಯಿಲ್ಲದೆ ಕಳುಹಿಸಿಕೊಟ್ಟ. ಅದರ ಒಬ್ಬ ಪೂರ್ವಜನ ಗುರುತು ಸಿಕ್ಕಿದ್ದು ೨೦೧೧ರಲ್ಲಿ, ದಕ್ಷಿಣ ಅಮೆರಿಕದ ಪಟಗೋನಿಯದ ಕಾಡುಮರಗಳ ಮೇಲೆ. ಪದಾರ್ಥದ ಹುಳಿಯನ್ನು ಅಳೆಯಲು ಇಂದು ಶಾಲೆಯ ಮಕ್ಕಳೂ ಬಳಸುವ ಪಿ.ಎಚ್. ಮಾನವನ್ನು ಸೋರೆನ್‌ಸೆನ್ ೧೯೦೯ರಲ್ಲಿ ರೂಪಿಸಿದ್ದೂ ಅದೇ ಪ್ರಯೋಗಶಾಲೆಯಲ್ಲಿ.

ಇಷ್ಟೆಲ್ಲ ಬಿಯರಿನ ಮಾತಾಯಿತು; ಅದರಿಂದ ನಮಗೇನು ಎಂದು ಕೇಳಬಹುದು. ಪಾನೀಯದ ರೋಗಕ್ಕೆ ಜೀವಿಗಳು ಕಾರಣವಾದರೆ ಮನುಷ್ಯನ ರೋಗಕ್ಕೂ ಅವೇ ಏಕೆ ಕಾರಣವಾಗಿರಬಾರದು? ಪಾಶ್ಚರರ ಬರಹಗಳನ್ನೋದಿದ ಶಸ್ತ್ರವೈದ್ಯ ಲಿಸ್ಟರ್ ೧೮೬೭ರಲ್ಲಿ ಗಾಯಗಳನ್ನು ಕೊಳೆಯದಂತೆ ಕಾಪಾಡುವ ತನ್ನ ವಿಧಾನವನ್ನು ಪ್ರಕಟಿಸಿದ. ೧೮೭೯ರಲ್ಲಿ ಪ್ಯಾರಿಸ್ಸಿನ ವೈದ್ಯ ಪರಿಷತ್ತಿನಲ್ಲಿ ಬಾಣಂತಿಯರನ್ನು ಕೊಲ್ಲುತ್ತಿದ್ದ ಜ್ವರದ ವಿಷಯದಲ್ಲಿ ಒಬ್ಬರು ಭಾಷಣ ಮಾಡುತ್ತಿದ್ದಾಗ, ಪಾಶ್ಚರರು ನಡುವೆಯೇ ಎದ್ದು ಹೋಗಿ ಕಪ್ಪು ಹಲಗೆಯ ಮೇಲೆ ಸರದಂತೆ ಪೋಣಿಸಿಕೊಂಡ ಜೀವಿಗಳ ಚಿತ್ರವನ್ನು ಬರೆದು ತೋರಿಸಿದರು. ಒಬ್ಬ ಬಾಣಂತಿಯಿಂದ ಇನ್ನೊಬ್ಬಳಿಗೆ ಅದನ್ನು ಹೊತ್ತು ತರುತ್ತಿದ್ದವು ವೈದ್ಯರ ತೊಳೆಯದ ಕೈಗಳು. ನಮ್ಮಲ್ಲಿ ಬಾಣಂತಿಗೆ ಜ್ವರ ಬಂದರೆ ಗಾಳಿ ಸೋಕಿತೆಂದರು, ದೃಷ್ಟಿ ತಾಕಿತೆಂದರು, ಪಥ್ಯ ತಪ್ಪಿದಳೆಂದು ಅವಳನ್ನೇ ಬೈದರು. ಕಾರಣವಾದರೋ ಕೈಯಲ್ಲಿತ್ತು, ಕೈಗುಣದಲ್ಲಿರಲಿಲ್ಲ. ೧೮೮೫ರಲ್ಲಿ ಪಾಶ್ಚರರು ಹುಚ್ಚುನಾಯಿಯ ಕಡಿತಕ್ಕೆ ಕೊಟ್ಟ ಲಸಿಕೆಯೂ ಇದೇ ಬಳ್ಳಿಯ ಕಾಯಿ. ೧೯೦೭ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಅವರ ಹೆಸರಿನ ಸಂಸ್ಥೆ ಪ್ರಾರಂಭವಾಗಿ ದಕ್ಷಿಣದವರಿಗೆ ಆ ಚಿಕಿತ್ಸೆ ಹತ್ತಿರವಾಯಿತು.

ಇಲ್ಲಿ ಒಂದು ಶಬ್ದದ ವಿಚಾರವನ್ನು ಹೇಳದೆ ಮುಂದೆ ಹೋಗಲಾರೆ. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಸುರೆಯನ್ನು ಹುದುಗಿಸುವ ವಸ್ತುವಿಗೆ 'ಕಿಣ್ವ' ಎಂಬ ಹೆಸರಿದೆ. ಅದನ್ನು ಮಾಡುವುದು ಉದ್ದಿನ ಹಿಟ್ಟಿಗೆ ಅಕ್ಕಿಯನ್ನು ಸೇರಿಸಿ, ಕೆಲವು ಮೂಲಿಕೆಗಳನ್ನು ಬೆರೆಸಿ. ಉದ್ದು, ಅಕ್ಕಿ; ನಮ್ಮ ದೋಸೆಯ ಒರಳಿಗೆ ಬೀಳುವುವೂ ಇವೇ. ೧೮೯೭ರಲ್ಲಿ ಜರ್ಮನಿಯ ಬುಖ್ನರ್ ಯೀಸ್ಟನ್ನು ಅರೆದು ಹಿಂಡಿ, ಜೀವಕಣಗಳಿಲ್ಲದ ಆ ರಸವೂ ಸಕ್ಕರೆಯನ್ನು ಹುದುಗಿಸುವುದೆಂದು ತೋರಿಸಿ ೧೯೦೭ರ ನೊಬೆಲ್ ಬಹುಮಾನವನ್ನು ಪಡೆದ. ಜೀವಕಣದೊಳಗಿನ ಅಂಥ ಕಾರಕ ವಸ್ತುವಿಗೆ ನಮ್ಮ ವಿಜ್ಞಾನದ ಪಠ್ಯಪುಸ್ತಕಗಳು ಇಟ್ಟ ಹೆಸರು ಅದೇ ಹಳೆಯ ಕಿಣ್ವ. ಮಾತು ಎರಡು ಸಾವಿರ ವರ್ಷದ ದಾರಿ ನಡೆದು, ಹುದುಗಿನ ಮುದ್ದೆಯಿಂದ ಹೊರಟು ಅದರ ಹೊಟ್ಟೆಯೊಳಗಿನ ವಸ್ತುವನ್ನೇ ಮುಟ್ಟಿತು.

ಅದೇ ಪ್ರಕರಣದಲ್ಲಿ, ವಿಶೇಷ ಕಾರ್ಯಗಳ ಸಮಯದಲ್ಲಿ ಸಂಸಾರಸ್ಥರು ಮನೆಯಲ್ಲಿ ಸುರೆ ಮಾಡಿಕೊಳ್ಳಲು ಅನುಮತಿಯುಂಟೆಂದಿದೆ. ಮನೆಯ ಒಲೆಗೂ ರಾಜ್ಯದ ಬೊಕ್ಕಸಕ್ಕೂ ಈ ವಿಷಯದಲ್ಲಿ ಎಂದಿನಿಂದಲೂ ಹಗ್ಗಜಗ್ಗಾಟವೇ. ಇಂಗ್ಲೆಂಡಿನಲ್ಲಿ ೧೮೮೦ರಲ್ಲಿ ಬಂದ ಮನೆ ತಯಾರಿಕೆಯ ಪರವಾನಗಿಯ ಕಟ್ಟಳೆ ೧೯೬೩ರಲ್ಲಿ ರದ್ದಾಯಿತು. ಅಮೆರಿಕದಲ್ಲಿ ೧೯೭೮ರಲ್ಲಿ ಅಧ್ಯಕ್ಷ ಕಾರ್ಟರರು ಮನೆಯ ಬಿಯರಿಗೆ ಅವಕಾಶ ಕೊಡುವ ಶಾಸನಕ್ಕೆ ಸಹಿ ಹಾಕಿದರು. ನಮ್ಮ ರಾಜ್ಯದಲ್ಲಿ ೧೯೬೫ರ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಯಾರೂ ಈ ಲೇಖನವನ್ನು ಹಿಡಿದು ಒಲೆ ಹೊತ್ತಿಸುವುದು ಬೇಡ!

ಆ ದೇಶಗಳ ಹೊಸಬರಿಗೆ ಅನುಭವಿಗಳು ಇಂದು ಹೇಳುವ ಬುದ್ಧಿವಾದ ನಾಲ್ಕೇ ಮಾತು: ಪಾತ್ರೆಗಳನ್ನು ಚೆನ್ನಾಗಿ ತೊಳೆದು ಶುದ್ಧಿಮಾಡು, ಒಳ್ಳೆಯ ಯೀಸ್ಟನ್ನು ಹಾಕು, ಕಾವನ್ನು ಅಳೆದು ನೋಡು, ಸಕ್ಕರೆ ಮುಗಿಯುವವರೆಗೆ ತಾಳಿಕೊಂಡಿರು. ಕೇಳಲು ಎಷ್ಟು ಸುಲಭ! ಒಂದೊಂದು ಮಾತಿನ ಹಿಂದೆಯೂ ಪಾಶ್ಚರ್, ಹಾನ್ಸೆನ್, ಕೊಂಬ್ರೂನ್, ರಿಚರ್ಡ್‌ಸನ್ ಇಂಥವರ ಶ್ರಮವಿದೆ. ಅವರೆಲ್ಲರೂ ಮಾಡಿದ ಕೆಲಸ ಒಂದೇ. ಕೆಟ್ಟದ್ದನ್ನು ಕಂಡಾಗ ಯಾರನ್ನೂ ಬೈಯದೆ, ಕೆಟ್ಟದ್ದರ ಪಕ್ಕದಲ್ಲಿ ಸರಿಯಾದದ್ದನ್ನು ಇಟ್ಟು, ಎರಡಕ್ಕೂ ಏನು ವ್ಯತ್ಯಾಸವೆಂದು ನೋಡಿದರು.

ನಾಳೆ ನಮ್ಮ ಮನೆಯಲ್ಲಿ ಹಿಟ್ಟು ಹುದುಗು ಬಾರದಿದ್ದರೆ, ಮೊಸರು ನೂಲೆದ್ದರೆ, ಉಪ್ಪಿನಕಾಯಿಗೆ ಬೂಷ್ಟು ಬಂದರೆ, ನಾವೂ ಹಾಗೆಯೇ ಮಾಡಬಹುದು. ಪಾತ್ರೆ ಒಣಗಿತ್ತೆ, ಕಾವು ಸಾಕಾಯಿತೆ, ಹೆಪ್ಪು ಹಳತಾಗಿತ್ತೆ, ಉಪ್ಪು ಕಡಮೆಯಾಯಿತೆ ಎಂದು ನೋಡಬಹುದು. ಅಪರಾಧಿಯನ್ನು ಹುಡುಕುವ ಮೊದಲು ಕಾರಣವನ್ನು ಹುಡುಕಿದರೆ, ಹತ್ತರಲ್ಲಿ ಒಂಬತ್ತು ಸಲ ಅಪರಾಧಿಯೇ ಇರುವುದಿಲ್ಲ. ಇದಿಷ್ಟು ಆ ದಿನ ತಿಳಿದಿದ್ದರೆ, ಒದ್ದೆ ಭರಣಿಯೊಂದರ ದೆಸೆಯಿಂದ ಹೊಸ ಸೊಸೆಯೊಬ್ಬಳು ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಅಳಬೇಕಾಗಿರಲಿಲ್ಲ.